ದರೋಡೆಕೋರ ಅಂತ ಹೆಸರಿಟ್ಟವರು ಯಾರು? ಯುದ್ಧಕಾಲದ ಇರಾನಿನ ಅಲೆಮಾರಿಗಳ ಕಥೆ (1941–46)

ಸೋಲಾಪುರದ ಜನಕ್ಕೆ 'ಸೆಟಲ್ಮೆಂಟ್' ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬ್ರಿಟಿಷರು 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ಮಾಡಿದರು. ಮುಂದೆ ಅದರ ಕೆಳಗೆ ಕೈಕಾಡಿ, ಪಾರಧಿ, ಟಕಾರಿ ಮುಂತಾದ ಜನರನ್ನ ಹಿಡಿದು ತಂದು ತಂತಿಬೇಲಿಯೊಳಗೆ ಇಟ್ಟರು. ಹಾಜರಿ ಕೊಡಬೇಕು, ಚೀಟಿ ಇಲ್ಲದೆ ಊರು ದಾಟಬಾರದು, ಮಿಲ್ಲಿಗೆ ಹೋಗಿ ದುಡಿಯಬೇಕು. ಕೂಸು ಹುಟ್ಟಿದ ಗಳಿಗೆಯಿಂದಲೇ ಕಳ್ಳ. 1952ರ ಆಗಸ್ಟ್ 31ಕ್ಕೆ ಆ ಕಾಯಿದೆ ಹೋಯಿತು. ಹೆಸರು ಮಾತ್ರ ಹೋಗಲಿಲ್ಲ. ಎಲ್ಲಿ ಕಳವು ಆದರೂ ಜೀಪು ಮೊದಲು ಯಾವ ಓಣಿಗೆ ಬರುತ್ತದೆ ಅನ್ನೋದು ನಮಗೆಲ್ಲ ಗೊತ್ತಿದ್ದ ಮಾತೇ.

ಇಂಥ ಹೆಸರು ನಮ್ಮಲ್ಲಿ ಮಾತ್ರ ಇಟ್ಟದ್ದಲ್ಲ. ಅದಕ್ಕೇ ಈ ಸಲದ ಸ್ಮರಣ ಸಂಚಿಕೆಗೆ ದೂರದ ಇರಾನ್ ದೇಶದ ಒಂದು ಇತಿಹಾಸ ಬರೆಯುತ್ತಿದ್ದೇನೆ.

ಇರಾನಿನ ಗುಡ್ಡಗಾಡಿನಲ್ಲಿ ಖಷ್ಕಾಯಿ, ಬಖ್ತಿಯಾರಿ, ಲೂರ್, ಬೋಯಿರ್ ಅಹ್ಮದಿ, ಕುರ್ದ್ ಅಂತ ಅನೇಕ ಬುಡಕಟ್ಟುಗಳಿವೆ. ಇವರಲ್ಲಿ ಬಹಳ ಮಂದಿ ಕುರಿ-ಮೇಕೆ ಕಾಯುವವರು. ನಮ್ಮ ಕಡೆ ಧನಗರರು, ಹಾಲುಮತದವರು ಹಿಂಡು ಹೊಡಕೊಂಡು ಊರಿಂದೂರಿಗೆ ಹೋದ ಹಾಗೆ ಖಷ್ಕಾಯಿಗಳು ಚಳಿಗಾಲಕ್ಕೆ ಕಡಲಿನ ಕಡೆಯ ಬೆಚ್ಚನೆ ತಗ್ಗಿಗೆ, ಬೇಸಿಗೆಗೆ ಝಾಗ್ರೋಸ್ ಬೆಟ್ಟದ ತಂಪಿಗೆ ಹೋಗುತ್ತಿದ್ದರು. ಮನೆಯಂದರೆ ಮೇಕೆ ಕೂದಲಿನ ಕರಿ ಗುಡಾರ.

1925ರಲ್ಲಿ ರೆಜಾ ಷಾ ಸಿಂಹಾಸನ ಏರಿದ. ದೇಶವನ್ನ ಆಧುನಿಕ ಮಾಡಬೇಕು, ಒಂದೇ ಸರಕಾರ, ಒಂದೇ ಸೈನ್ಯ, ಒಂದೇ ತರಹದ ಉಡುಪು ಇರಬೇಕು ಅಂತ ಅವನ ಹಟ. ಅಲೆಮಾರಿಗಳು ಅವನ ಕಣ್ಣಿಗೆ ಹಿಂದುಳಿದ ದೇಶದ ಗುರುತು. ಬಂದೂಕು ಕಸಿದುಕೊಂಡ, ನಾಯಕರನ್ನ ಜೈಲಿಗೆ ಹಾಕಿದ. ಖಷ್ಕಾಯಿಗಳ ದೊಡ್ಡ ಖಾನ್ ಇಸ್ಮಾಯಿಲ್ ಖಾನ್ 1933ರಲ್ಲಿ ತೆಹರಾನಿನ ಸೆರೆಯಲ್ಲೇ ಸತ್ತ. ಉಳಿದ ಜನರನ್ನ ಒತ್ತಾಯದಿಂದ ಒಂದೇ ಕಡೆ ಕೂರಿಸಿದರು. ಅದಕ್ಕೆ 'ತಖ್ತಾ ಕಾಪು' ಅನ್ನುತ್ತಿದ್ದರು, ಅಂದರೆ ಮರದ ಬಾಗಿಲು. ಗುಡಾರ ಬಿಟ್ಟು ಬಾಗಿಲಿರುವ ಮನೆಯೊಳಗೆ ಸೇರಿರಿ ಅಂತ ಅದರ ಅರ್ಥ. ಆದರೆ ಕುರಿಗೆ ಬಾಗಿಲು ತಿಂದು ಬದುಕಲು ಬರುವುದಿಲ್ಲ. ಬೇಸಿಗೆಯ ಹುಲ್ಲಿಲ್ಲದೆ ಹಿಂಡುಗಟ್ಟಲೆ ದನಕರು, ಕುರಿ ಸತ್ತವು. ಜನ ಹಸಿವಿಗೆ, ರೋಗಕ್ಕೆ ಬಲಿಯಾದರು. ವಲಸೆ ಹೋಗಬೇಕಾದರೆ ಅಧಿಕಾರಿಯ ಕೈ ಬಿಸಿ ಮಾಡಬೇಕು. ಅದೇ ಹೊತ್ತಿಗೆ ಷಾ ಮಾತ್ರ ದೇಶದ ಎಲ್ಲರಿಗಿಂತ ದೊಡ್ಡ ಜಮೀನುದಾರನಾಗಿ ಬೆಳೆದ.

ಇರಾನಿನ 'ಮರದ ಬಾಗಿಲು' ಮತ್ತು ನಮ್ಮ 'ಸೆಟಲ್ಮೆಂಟ್' ಒಂದೇ ಅಲ್ಲ. ಅಲ್ಲಿ ಹುಟ್ಟಿನಿಂದಲೇ ಅಪರಾಧಿ ಅನ್ನುವ ಕಾಯಿದೆ ಇರಲಿಲ್ಲ. ಆದರೆ ತಿರುಗಾಡುವ ಮನುಷ್ಯನನ್ನ ಕಂಡರೆ ಸರಕಾರಕ್ಕೆ ಬರುವ ಸಂಶಯ ಎರಡೂ ಕಡೆ ಒಂದೇ.

1941ರ ಜೂನ್‌ನಲ್ಲಿ ಹಿಟ್ಲರ್ ರಷ್ಯಾದ ಮೇಲೆ ಏರಿ ಹೋದ. ರಷ್ಯಾಕ್ಕೆ ಯುದ್ಧ ಸಾಮಾನು ಮುಟ್ಟಿಸಲು ಬ್ರಿಟಿಷರಿಗೆ ದಾರಿ ಬೇಕಾಯಿತು. ಪರ್ಷಿಯನ್ ಕೊಲ್ಲಿಯಿಂದ ಕ್ಯಾಸ್ಪಿಯನ್ ಸಮುದ್ರದವರೆಗೆ ಹೋಗುವ ರೈಲು ಇರಾನಿನಲ್ಲಿ 1938ಕ್ಕೇ ಮುಗಿದಿತ್ತು. ಅಬಾದಾನಿನಲ್ಲಿ ಎಣ್ಣೆ ಶುದ್ಧೀಕರಣದ ದೊಡ್ಡ ಕಾರ್ಖಾನೆ ಇತ್ತು. ಇರಾನ್ ತಾನು ತಟಸ್ಥ ಅಂದಿತ್ತು, ಆದರೆ ಅಲ್ಲಿ ಜರ್ಮನರಿದ್ದಾರೆ ಅಂತ ನೆಪ ಸಿಕ್ಕಿತು. ಆಗಸ್ಟ್ 25ರಂದು ಉತ್ತರದಿಂದ ರಷ್ಯದ ಸೈನ್ಯ, ದಕ್ಷಿಣ-ಪಶ್ಚಿಮದಿಂದ ಬ್ರಿಟಿಷರ ಸೈನ್ಯ ನುಗ್ಗಿದವು. ಬ್ರಿಟಿಷರ ಸೈನ್ಯ ಅಂತ ಹೆಸರಿಗೆ. ಅದರಲ್ಲಿ 8ನೇ ಮತ್ತು 10ನೇ ಇಂಡಿಯನ್ ಡಿವಿಜನ್ನಿನ ನಮ್ಮ ದೇಶದ ಸಿಪಾಯಿಗಳೇ ಇದ್ದರು. ಮೂರು-ನಾಲ್ಕು ದಿನಕ್ಕೆ ಇರಾನ್ ಕೈಚೆಲ್ಲಿತು. ಸೆಪ್ಟೆಂಬರ್ 16ಕ್ಕೆ ರೆಜಾ ಷಾ ಪಟ್ಟ ಇಳಿದು ಪರದೇಶಕ್ಕೆ ಹೋದ. ಅವನ ಮಗ ಪಟ್ಟಕ್ಕೆ ಬಂದ.

ಷಾನ ಸೈನ್ಯ ಗಾಳಿಗೆ ಹೊಟ್ಟು ಹಾರಿದಂತೆ ಚದುರಿತು. ಬಲವಂತದಿಂದ ಸೇರಿಸಿದ್ದ ಹುಡುಗರು ಹೊಟ್ಟೆಗಿಲ್ಲದೆ ನಡೆದು ಊರಿಗೆ ಹೋದರು. ಅವರ ಬಂದೂಕುಗಳಲ್ಲಿ ಕೆಲವು ಮಾರಾಟವಾದವು, ಕೆಲವು ಲೂಟಿಯಾದವು. ಬುಡಕಟ್ಟಿನವರ ಕೈಗೆ ಮತ್ತೆ ಬಂದೂಕು ಬಂತು. ಜನ ಬಾಗಿಲು ಬಿಟ್ಟು ಗುಡಾರ ಕಟ್ಟಿದರು, ಹಿಂಡಿನ ಹಿಂದೆ ಹೊರಟರು. ಇಸ್ಮಾಯಿಲ್ ಖಾನನ ಮಗ ನಾಸಿರ್ ಖಾನ್ ತೆಹರಾನಿನಿಂದ ತಪ್ಪಿಸಿಕೊಂಡು ತನ್ನ ಜನರ ನಡುವೆ ಬಂದ.

ಇನ್ನೊಂದು ಕಡೆ ಹಸಿವು. ಲಾರಿ, ರೈಲು ಎಲ್ಲ ಯುದ್ಧದ ಸಾಮಾನಿಗೆ ಹೋದವು. ಇರಾನಿನ ರಿಯಾಲಿನ ಬೆಲೆ ಸುಮಾರು ಅರ್ಧಕ್ಕೆ ಇಳಿಯಿತು. ಜಮೀನುದಾರರು, ವ್ಯಾಪಾರಿಗಳು ಧಾನ್ಯ ಬಚ್ಚಿಟ್ಟರು. 1942ರ ಡಿಸೆಂಬರಿನಲ್ಲಿ ತೆಹರಾನಿನ ಜನ ರೊಟ್ಟಿಗಾಗಿ ಬೀದಿಗಿಳಿದರು, ಗುಂಡೇಟು ತಿಂದರು. ಮರುವರ್ಷ ಟೈಫಸ್ ಜ್ವರ ಬಂತು. ಇಂಥ ಕಾಲದಲ್ಲಿ ದಾರಿಗಳಲ್ಲಿ ದರೋಡೆ ಹೆಚ್ಚಾಯಿತು. ದಕ್ಷಿಣದಲ್ಲಿ ಲಾರಿ ಲೂಟಿಯಾದವು, ಉತ್ತರದಲ್ಲಿ ಉರ್ಮಿಯಾ ಸುತ್ತಿನ ಹಳ್ಳಿಗಳ ಮೇಲೆ ಕುರ್ದ್ ಸವಾರರು ಬಿದ್ದರು.

1943ರ ಜುಲೈನಲ್ಲಿ ಇಸ್ಫಹಾನಿನ ದಕ್ಷಿಣದ ಸೆಮಿರೋಂ ಎಂಬಲ್ಲಿ ಖಷ್ಕಾಯಿ ಮತ್ತು ಬೋಯಿರ್ ಅಹ್ಮದಿಗಳು ಸೇರಿ ಸರಕಾರಿ ಸೈನ್ಯದ ಠಾಣ್ಯವನ್ನೇ ಮುರಿದರು. ಕರ್ನಲ್ ಸಹಿತ ಬಹಳ ಮಂದಿ ಸತ್ತರು. ನಾಸಿರ್ ಖಾನನ ಬಳಿ ಆಗ ಜರ್ಮನ್ ಗೂಢಚಾರ ಶುಲ್ಜೆ-ಹೋಲ್ಟಸ್ ಅಡಗಿದ್ದ. ಹಾಗಾಗಿ ಇದೆಲ್ಲ ಜರ್ಮನರ ಕೈವಾಡ ಅನ್ನುವುದು ಬ್ರಿಟಿಷರಿಗೆ ಅನುಕೂಲದ ಮಾತಾಯಿತು. ಆದರೆ ಹತ್ತು ವರ್ಷದ ಹಿಂದೆ ಸತ್ತ ಕುರಿಗಳನ್ನು, ಜೈಲಿನಲ್ಲಿ ಸತ್ತ ತಂದೆಯನ್ನು ಜನರಿಗೆ ಜರ್ಮನರು ನೆನಪಿಸಿ ಕೊಡಬೇಕಿತ್ತೇ? ಗಾಯ ಮೊದಲೇ ಇತ್ತು. ಜರ್ಮನಿ ಸೋಲುತ್ತದೆ ಅಂತ ಕಂಡಾಗ, 1944ರಲ್ಲಿ, ಖಾನ್ ಆ ಜರ್ಮನರನ್ನ ಬ್ರಿಟಿಷರಿಗೆ ಒಪ್ಪಿಸಿ, ಅವರ ವಶದಲ್ಲಿದ್ದ ತನ್ನ ತಮ್ಮಂದಿರನ್ನ ಬಿಡಿಸಿಕೊಂಡ.

ಇಲ್ಲಿ ನಾವು ಸ್ವಲ್ಪ ತಡೆದು ನೋಡಬೇಕು. ದಂಗೆ ಎದ್ದವರೆಲ್ಲ ನಮ್ಮವರು ಅಂತ ಕೂಗಿಬಿಡುವುದು ಸುಲಭ. ಲೂಟಿಯಾದ ಹಳ್ಳಿಯ ರೈತನೂ ಬಡವನೇ. ಸೆಮಿರೋಂನಲ್ಲಿ ಸತ್ತ ಸಿಪಾಯಿಗಳೂ ಹಿಡಿದು ತಂದ ಬಡವರ ಮಕ್ಕಳೇ. ಲಾಭ ಆದದ್ದು ಯಾರಿಗೆ? ಖಾನರಿಗೆ ಜಮೀನು, ಕಾಣಿಕೆ, ಅಧಿಕಾರ ಮರಳಿ ಬಂತು. ಕುರಿ ಕಾಯುವವನಿಗೆ ದಾರಿ ತೆರೆಯಿತು ನಿಜ, ಅವನ ತಲೆಯ ಮೇಲಿನ ಖಾನ್ ಮಾತ್ರ ಇಳಿಯಲಿಲ್ಲ.

ಪರದೇಶದವರ ನ್ಯಾಯವೂ ಹೀಗೇ ಇತ್ತು. ರೈಲಿನ ದಾರಿ ಕಾಯಲು ಬೇಕಾದಾಗ ಬುಡಕಟ್ಟಿನವ ಕಾವಲುಗಾರ, ಬೇಡವಾದಾಗ ದರೋಡೆಕೋರ. ಉತ್ತರದಲ್ಲಿ ರಷ್ಯನ್ನರು ಇರಾನಿನ ಸೈನ್ಯವನ್ನ ತಡೆದರು, ಆ ಆಸರೆಯಲ್ಲಿ 1946ರ ಜನವರಿಯಲ್ಲಿ ಮಹಾಬಾದಿನಲ್ಲಿ ಕುರ್ದರ ಗಣರಾಜ್ಯ ಎದ್ದಿತು. ಮೇ ತಿಂಗಳಲ್ಲಿ ರಷ್ಯನ್ನರು ಹೋದರು, ವರ್ಷ ಮುಗಿಯುವುದರೊಳಗೆ ಗಣರಾಜ್ಯ ಬಿತ್ತು. 1947ರಲ್ಲಿ ಅದರ ಮುಖ್ಯಸ್ಥ ಖಾಜಿ ಮುಹಮ್ಮದರನ್ನ ಗಲ್ಲಿಗೇರಿಸಿದರು.

ನಮಗೂ ಈ ನ್ಯಾಯದ ಪರಿಚಯ ಉಂಟು. ಮಹಾರರು ಸೈನ್ಯಕ್ಕೆ ಯೋಗ್ಯರಲ್ಲ ಅಂತ ಬ್ರಿಟಿಷರು 1890ರ ದಶಕದಲ್ಲಿ ಬಾಗಿಲು ಹಾಕಿದರು. ಮೊದಲ ಮಹಾಯುದ್ಧದಲ್ಲಿ ಕರೆದರು, ಮುಗಿದ ಮೇಲೆ ಮನೆಗೆ ಕಳಿಸಿದರು. ಬಾಬಾಸಾಹೇಬರು ಬಿಡದೆ ಕೇಳಿದ ಮೇಲೆ, ಇರಾನಿಗೆ ಸೈನ್ಯ ನುಗ್ಗಿದ ಮರು ತಿಂಗಳು ಕಳೆದು 1941ರ ಅಕ್ಟೋಬರ್ 1ಕ್ಕೆ, ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಪಡೆ ಕಟ್ಟಿದರು. ಯೋಗ್ಯತೆ ಮೊದಲಿಂದಲೂ ಇತ್ತು. ಅವರಿಗೆ ಅಗತ್ಯ ಬಿದ್ದದ್ದು ಆಗ.

ಗೆಳೆಯರೇ, ಇತಿಹಾಸದ ಕಡತದಲ್ಲಿ 'ದರೋಡೆ', 'ಬುಡಕಟ್ಟಿನ ಗಲಭೆ' ಅಂತ ಓದಿದಾಗ ಮೂರು ಮಾತು ಕೇಳಿರಿ: ಬರೆದವರು ಯಾರು, ಅದಕ್ಕಿಂತ ಮುಂಚೆ ಆ ಜನರಿಂದ ಏನು ಕಸಿದಿದ್ದರು, ಗಲಭೆಯಿಂದ ಯಾರ ಮನೆ ತುಂಬಿತು? ಇರಾನಿನ ಗುಡಾರದವರ ಮಾತು ಕಡತದಲ್ಲಿ ಕಡಿಮೆ, ಅಧಿಕಾರಿಗಳ ಮಾತೇ ಹೆಚ್ಚು. ನಮ್ಮ ಸೆಟಲ್ಮೆಂಟಿನ ಕಥೆಯೂ ಹಾಗಾಗಬಾರದು. ತಂತಿಬೇಲಿ ಕಂಡ ಅಜ್ಜ-ಅಜ್ಜಿಯರು ಇನ್ನು ಬೆರಳೆಣಿಕೆಯಷ್ಟೇ ಇದ್ದಾರೆ. ಬರುವ ವಾರ್ಷಿಕೋತ್ಸವದೊಳಗೆ ಒಬ್ಬೊಬ್ಬ ಸದಸ್ಯ ಒಬ್ಬೊಬ್ಬ ಹಿರಿಯರ ಹತ್ತಿರ ಕುಳಿತು, ಅವರು ಆಡಿದ ಮಾತನ್ನ ಆಡಿದ ಹಾಗೆಯೇ ಬರೆದುಕೊಂಡು ಬರಲಿ. ಮುಂದಿನ ಸಂಚಿಕೆ ಅದರಿಂದಲೇ ತುಂಬಲಿ.

ಜೈ ಭೀಮ್.