ಬೆಳ್ಳಿ ಚಮಚದಲ್ಲಿ ಉಳಿದ ತವರಿನ ಗುರುತು

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಎರಡೇ ಹಲ್ಲಿನ ಬೆಳ್ಳಿಯ ಫೋರ್ಕ್ ಒಂದಿದೆ. ಹಾಲ್‌ಮಾರ್ಕ್ ಇರುವ ಇಂಗ್ಲಿಷ್ ಫೋರ್ಕುಗಳಲ್ಲಿ ಅತಿ ಹಳೆಯವುಗಳ ಸಾಲಿನದು. ಮುದ್ರೆ ಬಿದ್ದದ್ದು 1632ರ ಸುಮಾರಿಗೆ. ಅದರ ಹಿಡಿಯ ಮೇಲೆ ಒಂದಲ್ಲ, ಎರಡು ಮನೆತನಗಳ ಲಾಂಛನ ಕೆತ್ತಿದ್ದಾರೆ. ಒಂದು ಮ್ಯಾನರ್ಸ್ ವಂಶದ್ದು, ಇನ್ನೊಂದು ಆ ಮನೆಗೆ ಸೊಸೆಯಾಗಿ ಬಂದ ಫ್ರಾನ್ಸೆಸ್ ಮಾಂಟಗ್ಯೂಳ ತವರಿನದು.

ಆ ಎರಡನೆಯ ಲಾಂಛನವೇ ಮುಖ್ಯ. ಇಂಗ್ಲೆಂಡಿನ ಸಿರಿವಂತ ಮನೆಗಳಲ್ಲಿ ಜಮೀನು, ಬಿರುದು ಸಾಮಾನ್ಯವಾಗಿ ಹಿರಿಮಗನ ಪಾಲು. ಚಮಚ, ತಟ್ಟೆ, ಲೋಟಗಳಂಥ ಚರಾಸ್ತಿ ಮಾತ್ರ ಉಯಿಲಿನ ಮೂಲಕ ಹೆಣ್ಣುಮಕ್ಕಳ ಕೈಗೂ ಬರುತ್ತಿತ್ತು. ಮಗಳು ಮದುವೆಯಾಗಿ ಹೋದಾಗ ಬೆಳ್ಳಿಯೂ ಜತೆಗೆ ಹೋಗುತ್ತಿತ್ತು, ತಲೆಮಾರು ಕಳೆದಂತೆ ಅದರ ಒಡತಿಯ ಅಡ್ಡಹೆಸರು ಬದಲಾಗುತ್ತಿತ್ತು. ಹಳೆಯ ಚಮಚದ ಮೂಲ ಹುಡುಕುವುದು ಕಷ್ಟವಾಗುವುದೂ ಇದರಿಂದಲೇ.

ಲಾಂಛನದ ಹಕ್ಕಿಲ್ಲದವರು ಮೂರು ಅಕ್ಷರ ಕೆತ್ತಿಸುತ್ತಿದ್ದರು: ಮೇಲೆ ಮನೆತನದ್ದು, ಕೆಳಗೆ ಗಂಡ ಹೆಂಡಿರ ಹೆಸರಿನವು. ಅಮೆರಿಕದ ನ್ಯೂ ಇಂಗ್ಲೆಂಡ್ ವಸಾಹತುಗಳಲ್ಲೂ ಇದೇ ರೂಢಿ ಇತ್ತು.

ಚಮಚ ಯಾವ ಕಾಲದ್ದು ಎಂಬ ಬಗ್ಗೆ ಮನೆಯವರ ನೆನಪು ತಪ್ಪಬಹುದು. ಆಗ ಮುದ್ರೆಗಳನ್ನೇ ಕೇಳಬೇಕು. ಇಂಗ್ಲೆಂಡಿನಲ್ಲಿ ಸಾವಿರಕ್ಕೆ 925 ಪಾಲು ಶುದ್ಧ ಬೆಳ್ಳಿ ಇರಬೇಕೆಂಬ ಕಟ್ಟಳೆ 1300ರಲ್ಲಿ ಬಂತು, ಚಿರತೆಯ ತಲೆಯ ಮುದ್ರೆಯೂ ಆಗಲೇ. 1478ರಿಂದ ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಹಾಲ್‌ನಲ್ಲಿ ವರ್ಷ ಸೂಚಿಸುವ ಅಕ್ಷರ ಒತ್ತತೊಡಗಿದರು. ನಡೆಯುವ ಸಿಂಹ ಸೇರಿದ್ದು 1544ರಲ್ಲಿ. ಸುಂಕ ಸಂದಾಯವಾದುದಕ್ಕೆ ಗುರುತಾಗಿ ರಾಜನ ತಲೆ 1784ರ ಡಿಸೆಂಬರಿನಿಂದ ಮಾತ್ರ ಕಾಣುತ್ತದೆ. ಹಾಗಾಗಿ ಆ ತಲೆಯುಳ್ಳ ಚಮಚವನ್ನು 1770ರ ಮದುವೆಯ ಉಡುಗೊರೆ ಎಂದು ಯಾರು ಹೇಳಿದರೂ ನಂಬುವ ಹಾಗಿಲ್ಲ.

ಮುದ್ರೆಗಳ ಸಾಲಿನಲ್ಲೂ ಹೆಣ್ಣಿನ ಹೆಸರು ಸಿಗುತ್ತದೆ. ಲಂಡನ್ನಿನ ಬೆಳ್ಳಿ ಕೆಲಸಗಾರ್ತಿ ಹೆಸ್ಟರ್ ಬೇಟ್‌ಮನ್ ಗಂಡ ತೀರಿಕೊಂಡ ಮರುವರ್ಷ, 1761ರಲ್ಲಿ, ತನ್ನದೇ ಮುದ್ರೆ ನೋಂದಾಯಿಸಿದಳು. ಮಕ್ಕಳನ್ನು ಜತೆಗಿಟ್ಟುಕೊಂಡು ಸುಮಾರು ಮೂರು ದಶಕ ಅಂಗಡಿ ನಡೆಸಿದಳು. ಅವಳ ಬಳಿಕ ಸೊಸೆ ಆ್ಯನ್ ಕೂಡ ತನ್ನ ಮುದ್ರೆ ಒತ್ತಿದಳು. ಬೇಟ್‌ಮನ್ ಚಮಚಗಳಿಗೆ ಇವತ್ತಿಗೂ ಸಂಗ್ರಾಹಕರಿದ್ದಾರೆ.

ಕೆತ್ತನೆ ಎಲ್ಲಿದೆ ಎಂಬುದೂ ಕಾಲವನ್ನು ಹೇಳುತ್ತದೆ. ಹದಿನೆಂಟನೆಯ ಶತಮಾನದ ಮೊದಲರ್ಧದಲ್ಲಿ ಚಮಚವನ್ನು ಮೇಜಿನ ಮೇಲೆ ಬೋರಲಾಗಿ ಇಡುತ್ತಿದ್ದರಿಂದ ಲಾಂಛನ ಹಿಡಿಯ ಬೆನ್ನಿಗೆ; 1760ರ ನಂತರ ಅಂಗಾತ ಇಡುವ ರೂಢಿ ಬಂದಂತೆ ಅದು ಮುಂಬದಿಗೆ ಬಂತು. ಕೈ ಬದಲಾದಾಗ ಹೊಸ ಒಡೆಯರು ಹಳೆಯ ಲಾಂಛನ ಉಜ್ಜಿ ಅಳಿಸಿ ತಮ್ಮದನ್ನು ಕೆತ್ತಿಸಿದ್ದೂ ಉಂಟು. ಅಲ್ಲಿ ಲೋಹ ತೆಳುವಾಗಿರುತ್ತದೆ. ಬೆರಳಿನಿಂದ ಹಿಡಿದು ನೋಡಿದರೆ ಪಳಗಿದ ವ್ಯಾಪಾರಿಗೆ ತಿಳಿಯುತ್ತದೆ, ಬೆಲೆಯೂ ಇಳಿಯುತ್ತದೆ.