ವಿದೇಶದಲ್ಲಿ ಇಂಗ್ಲಿಷ್ ಬೋಧನೆ: ಅರ್ಹತಾಪತ್ರಗಳ ಇತಿಹಾಸ

ಇಂಗ್ಲಿಷ್ ಮನೆಮಾತಲ್ಲದವರಿಗೆ ಆ ಭಾಷೆ ಕಲಿಸುವವರು ಪಡೆಯುವ ಅಲ್ಪಾವಧಿ ತರಬೇತಿಗೆ ಅರವತ್ತು ವರ್ಷ ದಾಟಿದ ಚರಿತ್ರೆಯಿದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗ ನೀಡುವ ಸೆಲ್ಟಾ ಮತ್ತು ಲಂಡನ್ನಿನ ಟ್ರಿನಿಟಿ ಕಾಲೇಜು ನೀಡುವ ಸರ್ಟ್‌ಟೆಸಾಲ್ ಇವುಗಳಲ್ಲಿ ಹೆಚ್ಚು ಮಾನ್ಯತೆ ಪಡೆದವು. ಇವು ಹುಟ್ಟುವ ಮೊದಲು ಇಂಗ್ಲಿಷ್ ನಾಡಿನಲ್ಲಿ ಜನಿಸಿದ್ದೇ ಕಲಿಸಲು ಸಾಕಾದ ಅರ್ಹತೆಯಾಗಿತ್ತು. ಆ ಎಣಿಕೆ ಇಂದಿಗೂ ಪೂರ್ತಿ ಅಳಿದಿಲ್ಲ. ಹಾಗಾಗಿ ಈ ಕಸುಬಿನ ಚರಿತ್ರೆಯನ್ನು ತರಬೇತಿಗೂ ಹುಟ್ಟಿಗೂ ನಡುವಿನ ಹಗ್ಗಜಗ್ಗಾಟವೆಂದು ಓದುವುದೇ ಸರಿ.

ಮೊದಲ ದಾರಿ ಹಾಕಿದ್ದು ಖಾಸಗಿ ಭಾಷಾಶಾಲೆಗಳು. ಮ್ಯಾಕ್ಸಿಮಿಲಿಯನ್ ಬರ್ಲಿಟ್ಜ್ 1878ರಲ್ಲಿ ಅಮೆರಿಕದ ಪ್ರಾವಿಡೆನ್ಸ್ ನಗರದಲ್ಲಿ ತೆರೆದ ಶಾಲೆಯ ಶಾಖೆಗಳು ಕೆಲವೇ ದಶಕಗಳಲ್ಲಿ ಯುರೋಪಿನ ಉದ್ದಗಲಕ್ಕೂ ಹಬ್ಬಿದವು. ಅಲ್ಲಿ ಕಲಿಯುವವರ ಮನೆಮಾತಿಗೆ ಪ್ರವೇಶವಿರಲಿಲ್ಲ. ವಸ್ತುಗಳನ್ನು ತೋರಿಸಿ, ಅಭಿನಯಿಸಿ, ಪ್ರಶ್ನೆ ಕೇಳಿ ಉತ್ತರ ಹೇಳಿಸಿ ಪಾಠ ನಡೆಯುತ್ತಿತ್ತು. ಇದರಿಂದಾಗಿ ಶಿಕ್ಷಕನಿಗೆ ಆ ಊರಿನ ಭಾಷೆ ಬರಲೇಬೇಕೆಂಬ ನಿರ್ಬಂಧ ಹೋಯಿತು. ಮುಂದೆ ಕಾದಂಬರಿಕಾರರಾಗಿ ಹೆಸರಾದ, ಡಬ್ಲಿನ್ನಿನಿಂದ ಹೊರಟ ಇಪ್ಪತ್ತೆರಡರ ಹರೆಯದ ಜೇಮ್ಸ್ ಜಾಯ್ಸ್ 1904ರಲ್ಲಿ ಪೋಲಾ ಪಟ್ಟಣದಲ್ಲೂ ಮರುವರ್ಷ ಟ್ರಿಯೆಸ್ಟಿನಲ್ಲೂ ಬರ್ಲಿಟ್ಜ್ ಶಾಲೆಯ ಇಂಗ್ಲಿಷ್ ಮೇಷ್ಟರಾಗಿ ಜೀವನ ಸಾಗಿಸಿದರು. ಪದವಿ ಮುಗಿಸಿ, ಕೈಯಲ್ಲಿ ಕಾಸಿಲ್ಲದೆ ಲೋಕ ನೋಡಹೊರಟ ಎಷ್ಟೋ ತರುಣರು ಮುಂದೆ ಹಿಡಿದದ್ದು ಇದೇ ದಾರಿ.

ಕಲಿಸುವ ಶಾಸ್ತ್ರ ರೂಪುಗೊಂಡದ್ದರಲ್ಲಿ ಏಷ್ಯಾದ ಪಾಲು ದೊಡ್ಡದು. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಹೆರಾಲ್ಡ್ ಪಾಮರ್ 1922ರಲ್ಲಿ ಜಪಾನಿನ ಶಿಕ್ಷಣ ಇಲಾಖೆಯ ಸಲಹೆಗಾರರಾಗಿ ಟೋಕಿಯೊಗೆ ಹೋಗಿ, ಮರುವರ್ಷ ಅಲ್ಲಿ ಇಂಗ್ಲಿಷ್ ಬೋಧನೆಯ ಸಂಶೋಧನಾ ಸಂಸ್ಥೆ ಕಟ್ಟಿದರು. ಢಾಕಾದಲ್ಲಿದ್ದ ಮೈಕೆಲ್ ವೆಸ್ಟ್ ಬಂಗಾಳದ ಮಕ್ಕಳಿಗೆ ಯಾವ ಪದಗಳು ಮೊದಲು ಬೇಕು ಎಂದು ಲೆಕ್ಕ ಹಾಕಿ, ಮಿತ ಪದಸಂಪತ್ತಿನ ವಾಚನಮಾಲೆಗಳನ್ನು ಸಿದ್ಧಪಡಿಸಿದರು. 1924ರಲ್ಲಿ ಜಪಾನಿಗೆ ಹೋದ ಎ. ಎಸ್. ಹಾರ್ನ್‌ಬಿ ತಮ್ಮ ಸಂಗಡಿಗರೊಂದಿಗೆ ರಚಿಸಿದ ನಿಘಂಟು 1942ರಲ್ಲಿ ಟೋಕಿಯೊದಲ್ಲೇ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಮರುಮುದ್ರಿಸಿತು. ನಮ್ಮ ಕಾಲೇಜು ವಿದ್ಯಾರ್ಥಿಗಳ ಮೇಜಿನ ಮೇಲಿರುವ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ನಿಘಂಟಿನ ಮೂಲ ಅದೇ.

ಎರಡನೆಯ ಮಹಾಯುದ್ಧದ ನಂತರ ಬೇಡಿಕೆ ಏರುತ್ತಲೇ ಹೋಯಿತು. 1934ರಲ್ಲಿ ಸ್ಥಾಪನೆಯಾದ ಬ್ರಿಟಿಷ್ ಕೌನ್ಸಿಲ್, 1961ರಲ್ಲಿ ಅಧ್ಯಕ್ಷ ಕೆನಡಿ ಆರಂಭಿಸಿದ ಅಮೆರಿಕದ ಸ್ವಯಂಸೇವಾ ಸಂಸ್ಥೆ ಪೀಸ್ ಕೋರ್ ಮೊದಲಾದವು ಶಿಕ್ಷಕರನ್ನು ದೇಶದೇಶಕ್ಕೆ ಕಳಿಸತೊಡಗಿದವು. ಅವರಲ್ಲಿ ಅನೇಕರಿಗೆ ತಮ್ಮದೇ ಭಾಷೆಯ ವ್ಯಾಕರಣ ವಿವರಿಸಲು ಬರುತ್ತಿರಲಿಲ್ಲ.

ಈ ಕೊರತೆಗೆ ಮದ್ದು ಹುಡುಕಿದವರು ಜಾನ್ ಹೇಕ್ರಾಫ್ಟ್ ಮತ್ತು ಅವರ ಪತ್ನಿ, ಸ್ವೀಡನ್ ಮೂಲದ ಬ್ರಿಟಾ. ಭಾರತದಲ್ಲಿ ಹುಟ್ಟಿದ ಜಾನ್ (1926–1996) ಬ್ರಿಟಾ ಅವರೊಡನೆ 1953ರಲ್ಲಿ ಸ್ಪೇನಿನ ಕೊರ್ಡೋಬಾದಲ್ಲಿ ಒಂದು ಇಂಗ್ಲಿಷ್ ಶಾಲೆ ತೆರೆದರು. 1959ರಲ್ಲಿ ಲಂಡನ್ನಿನಲ್ಲೂ ಶಾಲೆ ಶುರುವಾಯಿತು. ಮುಂದೆ ಇಂಟರ್‌ನ್ಯಾಷನಲ್ ಹೌಸ್ ಎಂದು ಹೆಸರಾದದ್ದು ಇದೇ ಸಂಸ್ಥೆ. ತಮ್ಮ ಶಾಲೆಗಳಿಗೆ ಬೇಕಾದ ಶಿಕ್ಷಕರು ಸಿಗದಿದ್ದಾಗ, 1962ರಲ್ಲಿ ಅವರು ಎರಡು ವಾರಗಳ ತೀವ್ರ ತರಬೇತಿ ಆರಂಭಿಸಿದರು. ಮುಂದೆ ಅದು ನಾಲ್ಕು ವಾರವಾಯಿತು. ಪಠ್ಯ ಓದಿ ಪರೀಕ್ಷೆ ಬರೆಯುವ ಬದಲು, ನಿಜವಾದ ವಿದ್ಯಾರ್ಥಿಗಳ ಮುಂದೆ ನಿಂತು ಪಾಠ ಮಾಡುವುದೇ ಅದರ ಜೀವಾಳ. 1978ರಲ್ಲಿ ರಾಯಲ್ ಸೊಸೈಟಿ ಆಫ್ ಆರ್ಟ್ಸ್ ಈ ಮಾದರಿಗೆ ಪ್ರಮಾಣಪತ್ರದ ಮುದ್ರೆ ಒತ್ತಿತು. 1988ರಲ್ಲಿ ಹೊಣೆ ಕೇಂಬ್ರಿಜ್‌ಗೆ ವರ್ಗವಾಯಿತು. ಸೆಲ್ಟಾ ಎಂಬ ಹೆಸರು ಬಂದದ್ದು 1996ರಲ್ಲಿ.

ಸೆಲ್ಟಾದ ಚೌಕಟ್ಟು ಸರಳ. ಸುಮಾರು 120 ಗಂಟೆಗಳ ಕಲಿಕೆ, ಅದರಲ್ಲಿ ಆರು ಗಂಟೆ ಮೌಲ್ಯಮಾಪನಕ್ಕೊಳಗಾಗುವ ಬೋಧನೆ, ಆರು ಗಂಟೆ ಅನುಭವಿಗಳ ಪಾಠ ವೀಕ್ಷಣೆ, ನಾಲ್ಕು ಲಿಖಿತ ನಿಯೋಜನೆಗಳು. ಪಾಠ ಮಾಡುವಾಗ ತರಬೇತುದಾರರೂ ಸಹಪಾಠಿಗಳೂ ಹಿಂದಿನ ಸಾಲಿನಲ್ಲಿ ಕುಳಿತು ಟಿಪ್ಪಣಿ ಮಾಡಿಕೊಳ್ಳುತ್ತಾರೆ. ಪಾಠ ಮುಗಿದ ಮೇಲೆ ಎಲ್ಲರೆದುರೇ ವಿಮರ್ಶೆ. ಹೊಸಬರ ಅಭ್ಯಾಸಗಳನ್ನು ಇಲ್ಲಿ ನಿರ್ದಾಕ್ಷಿಣ್ಯವಾಗಿ ತಿದ್ದಲಾಗುತ್ತದೆ. ಉದಾಹರಣೆಗೆ, ವಿದ್ಯಾರ್ಥಿಗಳನ್ನು "ಅರ್ಥವಾಯಿತೇ?" ಎಂದು ಕೇಳಬಾರದು, ಏಕೆಂದರೆ ಅರ್ಥವಾಗದವರೂ ತಲೆಯಾಡಿಸುತ್ತಾರೆ. "ಅವನು ಮೊದಲು ಸಿಗರೇಟು ಸೇದುತ್ತಿದ್ದ" ಎಂಬರ್ಥದ ಇಂಗ್ಲಿಷ್ ವಾಕ್ಯ ಕಲಿಸಿದರೆ, ಕೇಳಬೇಕಾದದ್ದು ಬೇರೆ: ಈಗ ಸೇದುತ್ತಾನೆಯೇ? ಆಗ ಒಂದೇ ಸಲ ಸೇದಿದನೇ, ಮತ್ತೆ ಮತ್ತೆಯೇ? ಕಲಿತವರ ಉತ್ತರದಲ್ಲೇ ತಿಳಿವಳಿಕೆ ಬಯಲಾಗುತ್ತದೆ. ಈ ಒಂದು ಶಿಸ್ತನ್ನು ಯಾವ ವಿಷಯದ ಶಿಕ್ಷಕರು ರೂಢಿಸಿಕೊಂಡರೂ ಮಕ್ಕಳಿಗೆ ಲಾಭ. ಆದರೆ ಆರು ಗಂಟೆಯ ಅಭ್ಯಾಸ ಪಾಠ ಒಬ್ಬರನ್ನು ತರಗತಿಗೆ ಕಾಲಿಡುವಷ್ಟು ಸಜ್ಜುಗೊಳಿಸಬಲ್ಲದೇ ಹೊರತು ಪಳಗಿದ ಶಿಕ್ಷಕರನ್ನಾಗಿ ಮಾಡಲಾರದು. ಅನುಭವಿಗಳಿಗೆಂದೇ ಡೆಲ್ಟಾ ಎಂಬ ಮೇಲಿನ ಹಂತದ ಅರ್ಹತೆ ಇರುವುದು ಇದಕ್ಕಾಗಿಯೇ.

ಲಂಡನ್ನಿನ ಮಾದರಿ ಹರಡುತ್ತಿದ್ದ ಹೊತ್ತಿಗೆ ದಕ್ಷಿಣ ಭಾರತದಲ್ಲಿ ನಡೆದ ಒಂದು ಪ್ರಯೋಗ ಇಡೀ ಕ್ಷೇತ್ರದ ಗಮನ ಸೆಳೆಯಿತು. ಬೆಂಗಳೂರಿನಲ್ಲಿ 1963ರಲ್ಲೇ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾಗಿ, ಸರ್ಕಾರಿ ಶಾಲಾ ಶಿಕ್ಷಕರಿಗೆ ತರಬೇತಿ ನೀಡುತ್ತಿತ್ತು. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಬೆಂಗಳೂರು, ಮದ್ರಾಸು ಮೊದಲಾದೆಡೆಯ ಸಾಮಾನ್ಯ ಶಾಲೆಗಳಲ್ಲಿ ವ್ಯಾಕರಣದ ಪಾಠಪಟ್ಟಿಯನ್ನೇ ಬದಿಗಿಟ್ಟು ಕಲಿಸಿ ನೋಡಿದರು. ರೈಲ್ವೆ ವೇಳಾಪಟ್ಟಿ ಅಥವಾ ನಕ್ಷೆಯಂಥದ್ದು ಮಕ್ಕಳ ಮುಂದಿರುತ್ತಿತ್ತು. ಶಿಕ್ಷಕರು ಮೊದಲು ಅಂಥದ್ದೇ ಒಂದು ಸಮಸ್ಯೆಯನ್ನು ಇಡೀ ತರಗತಿಯೊಂದಿಗೆ ಇಂಗ್ಲಿಷಿನಲ್ಲಿ ಮಾತಾಡುತ್ತ ಬಿಡಿಸುವರು. ನಂತರ ಪ್ರತಿ ಮಗುವೂ ಹೊಸದೊಂದನ್ನು ತಾನೇ ಬಿಡಿಸಬೇಕು. ಮನಸ್ಸು ಅರ್ಥದ ಮೇಲಿದ್ದಾಗ ವ್ಯಾಕರಣ ತಾನಾಗಿ ಮೈಗೂಡುತ್ತದೆ ಎಂಬುದು ಪ್ರಭು ಅವರ ವಾದ. ಇದನ್ನು ಕುರಿತ ಅವರ ಪುಸ್ತಕ 1987ರಲ್ಲಿ ಹೊರಬಂತು. 'ಬೆಂಗಳೂರು ಪ್ರಾಜೆಕ್ಟ್' ಎಂದೇ ಹೆಸರಾದ ಅವರ ಈ ಕೆಲಸ, ಇಂದು ಜಗತ್ತಿನೆಲ್ಲೆಡೆ ಶಿಕ್ಷಕರು ಕಲಿಯುವ ಕಾರ್ಯಾಧಾರಿತ ಬೋಧನೆಯ ಮೊದಲ ದೊಡ್ಡ ಪ್ರಯೋಗಗಳಲ್ಲೊಂದು.

1980ರ ದಶಕದಿಂದ ಉದ್ಯೋಗದ ಬಾಗಿಲುಗಳು ಅಗಲವಾದವು. ವಿದೇಶಿಯರನ್ನು ಶಾಲೆಗಳಿಗೆ ಕರೆಸುವ ಜಪಾನ್ ಸರ್ಕಾರದ ಜೆಟ್ ಯೋಜನೆ 1987ರಲ್ಲೂ ಅಂಥದ್ದೇ ದಕ್ಷಿಣ ಕೊರಿಯಾದ ಎಪಿಕ್ 1995ರಲ್ಲೂ ಬಂದವು. ಜೆಟ್‌ಗೆ ಪದವಿ ಸಾಕಿತ್ತು, ಬೋಧನೆಯ ಪ್ರಮಾಣಪತ್ರ ಕಡ್ಡಾಯವಿರಲಿಲ್ಲ. ಖಾಸಗಿ ಶಾಲೆಗಳ ಭರವಸೆ ಎಲ್ಲ ಕಾಲಕ್ಕೂ ಗಟ್ಟಿಯಲ್ಲ ಎಂಬುದಕ್ಕೆ ಜಪಾನಿನ ಅತಿದೊಡ್ಡ ಇಂಗ್ಲಿಷ್ ಶಾಲಾ ಸರಪಳಿಯಾಗಿದ್ದ ನೋವಾ 2007ರಲ್ಲಿ ದಿವಾಳಿಯಾದದ್ದು ಸಾಕ್ಷಿ. ಸಾವಿರಾರು ವಿದೇಶಿ ಶಿಕ್ಷಕರು ಸಂಬಳವಿಲ್ಲದೆ ಪರದಾಡಿದರು. ಚೀನಾ 2021ರಲ್ಲಿ ಶಾಲಾ ಮಕ್ಕಳ ಖಾಸಗಿ ಪಾಠಕ್ಕೆ ಬಿಗಿ ಕಡಿವಾಣ ಹಾಕಿದಾಗ ಆನ್‌ಲೈನಿನಲ್ಲಿ ಕಲಿಸುತ್ತಿದ್ದವರೂ ಕೆಲಸ ಕಳೆದುಕೊಂಡರು.

ಹುಟ್ಟಿನ ಪ್ರಶ್ನೆ ಬಹಿರಂಗ ಚರ್ಚೆಗೆ ಬಂದದ್ದು 1990ರ ದಶಕದಲ್ಲಿ. ಭಾಷಾವಿದ್ವಾಂಸ ರಾಬರ್ಟ್ ಫಿಲಿಪ್ಸನ್ 1992ರ ತಮ್ಮ ಕೃತಿಯಲ್ಲಿ, ಇಂಗ್ಲಿಷ್ ಮಾತೃಭಾಷೆಯವರೇ ಆದರ್ಶ ಶಿಕ್ಷಕರು ಎಂಬ ತತ್ವವನ್ನು ಉಗಾಂಡದ ಮಕೆರೆರೆಯಲ್ಲಿ 1961ರಲ್ಲಿ ನಡೆದ ಇಂಗ್ಲಿಷ್ ಬೋಧನಾ ಸಮ್ಮೇಳನದವರೆಗೆ ಬೆನ್ನಟ್ಟಿ, ಅದೊಂದು ಭ್ರಮೆ ಎಂದರು. ಹಂಗೆರಿಯ ಪೀಟರ್ ಮೆಜೆಶ್, ಆ ಭಾಷೆಯನ್ನು ಕಷ್ಟಪಟ್ಟು ಕಲಿತವರಿಗೇ ಕಲಿಯುವವರು ಎಲ್ಲಿ ಎಡವುತ್ತಾರೆಂಬುದು ಮೊದಲೇ ಗೊತ್ತಿರುತ್ತದೆ ಎಂದು ತೋರಿಸಿದರು. ಟೆಸಾಲ್ ಎಂಬ ಅಮೆರಿಕದ ಇಂಗ್ಲಿಷ್ ಬೋಧಕರ ಸಂಘದಲ್ಲಿ ಇಂಥ ಶಿಕ್ಷಕರ ವೇದಿಕೆ 1998ರಲ್ಲಿ ರೂಪುಗೊಂಡಿತು. ಮೆಜೆಶ್ ಅವರ ಮಾತು ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷ್ ಕಲಿಸುವ ನಮ್ಮ ಶಿಕ್ಷಕರಿಗೂ ಅಕ್ಷರಶಃ ಒಪ್ಪುತ್ತದೆ.

ಆದರೂ ಕಾನೂನು ನಿಧಾನವಾಗಿಯೇ ಬದಲಾಗುತ್ತಿದೆ. ಕೊರಿಯಾದ ಬೋಧಕ ವೀಸಾ ಬಹುಕಾಲ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಎಂಬ ಏಳು ದೇಶಗಳ ಪ್ರಜೆಗಳಿಗೆ ಮೀಸಲಾಗಿತ್ತು. ಅರ್ಹ ಭಾರತೀಯರಿಗೆ ಅಲ್ಲಿನ ಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗುವ ಅವಕಾಶ ಸಿಕ್ಕಿದ್ದು 2010ರಲ್ಲಿ ಜಾರಿಯಾದ ಉಭಯ ದೇಶಗಳ ಆರ್ಥಿಕ ಒಪ್ಪಂದದಿಂದ. ತರಬೇತಿಯ ಕಡೆಗೆ ಬಂದರೆ, ಸೆಲ್ಟಾವನ್ನು ಪೂರ್ತಿ ಆನ್‌ಲೈನಿನಲ್ಲಿ ಮುಗಿಸುವ ವ್ಯವಸ್ಥೆ ಕೋವಿಡ್ ಕಾಲದಲ್ಲಿ ಬಂದು ಹಾಗೇ ಉಳಿದುಕೊಂಡಿದೆ. ನೇಮಕವಾದ ಭಾರತೀಯ ಅಭ್ಯರ್ಥಿ ಸಾಮಾನ್ಯವಾಗಿ ಪದವಿಪತ್ರಕ್ಕೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ (ಬೇರೆ ದೇಶಗಳಲ್ಲಿ ಮಾನ್ಯವಾಗುವ ದೃಢೀಕರಣ) ಮುದ್ರೆಯನ್ನೂ ಪೊಲೀಸ್ ದೃಢೀಕರಣವನ್ನೂ ಹೊಂದಿಸಿಕೊಳ್ಳಬೇಕು. ಅಪೊಸ್ಟಿಲ್ ಒಡಂಬಡಿಕೆಗೆ ಸೇರದ ದೇಶಗಳಿಗಾದರೆ ಅವುಗಳ ರಾಯಭಾರ ಕಚೇರಿಯಿಂದಲೇ ದೃಢೀಕರಣ ಪಡೆಯಬೇಕಾಗುತ್ತದೆ.