ಅಂಕಿತವಿಲ್ಲದ ಮೇಳಗಳು: ನೊಣವಿನಕೆರೆ ಸೀಮೆಯಲ್ಲಿ ಹಾಡುಗಾರ-ವಾದ್ಯಗಾರರನ್ನು ಗುರುತಿಸಿದ ಬಗೆಗಳು

ಕೀರ್ತನೆಯ ಕೊನೆಯಲ್ಲಿ ಅಂಕಿತವಿರುತ್ತದೆ. ವಚನಕ್ಕೂ ಅಂಕಿತವುಂಟು. ತತ್ವಪದಕಾರನು ತನ್ನ ಹೆಸರನ್ನು ಹೇಳದಿದ್ದರೂ ಗುರುವಿನ ಹೆಸರನ್ನು ಹೇಳಿ ಪದವನ್ನು ಮುಗಿಸುತ್ತಾನೆ. ಜನಪದ ಗೀತೆಗೆ ಸಾಮಾನ್ಯವಾಗಿ ಇಂತಹ ಗುರುತಿಲ್ಲ. ಈ ಸಂಗತಿಯನ್ನು ಜಾನಪದ ವಿದ್ವಾಂಸರೆಲ್ಲರೂ ಎತ್ತಿ ಹೇಳಿದ್ದಾರೆ. ಆದರೆ ಹಾಡಿಗೆ ಅಂಕಿತವಿಲ್ಲವೆಂಬ ಮಾತು, ಹಾಡುವವನಿಗೂ ಹೆಸರಿಲ್ಲವೆಂಬ ಅರ್ಥಕ್ಕೆ ಬಹುಕಾಲ ಎಳೆಯಲ್ಪಟ್ಟಿತು. ರಚನೆ ಯಾರದೆಂದು ತಿಳಿಯದಿರುವುದು ಒಂದು ವಿಷಯ. ಎದುರಿಗೆ ಕುಳಿತು ಹಾಡಿದವರ ಹೆಸರನ್ನು ಬರೆದುಕೊಳ್ಳದಿರುವುದು ಇನ್ನೊಂದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ಸೇರುವ ತೆಂಗಿನ ಸೀಮೆಯನ್ನು ಎದುರಿಗಿಟ್ಟುಕೊಂಡು, ಹೊಸ ಹಾಡುಗಾರರನ್ನೂ ಮೇಳಗಳನ್ನೂ ಯಾರು ಯಾರು ಹೇಗೆ ಗುರುತಿಸುತ್ತ ಬಂದರು, ಆ ಗುರುತಿಸುವಿಕೆಯಲ್ಲಿ ಯಾರು ಉಳಿದುಹೋದರು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸೀಮೆ ಮತ್ತು ಮೇಳ

ನೊಣವಿನಕೆರೆಯು ತಿಪಟೂರು ತಾಲ್ಲೂಕಿನ ಹೋಬಳಿ ಕೇಂದ್ರ. ಹೆಸರೇ ಸೂಚಿಸುವಂತೆ ಇದು ಕೆರೆಯೊಡನೆ ಬೆಳೆದ ಊರು. ನೊಣಬ, ನೊಳಂಬ ಎಂಬ ಹೆಸರುಗಳೊಡನೆ ಈ ಸ್ಥಳನಾಮವನ್ನು ಸಂಬಂಧಿಸುವುದುಂಟು. ಇಲ್ಲಿನ ಕಾಡಸಿದ್ಧೇಶ್ವರ ಮಠ ಸುತ್ತಲಿನ ಹಳ್ಳಿಗಳ ಭಕ್ತರಿಗೆ ಶ್ರದ್ಧಾಕೇಂದ್ರ. ಸೀಮೆಯ ಜೀವನಾಧಾರ ತೆಂಗು. ಬಲಿತ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಟ್ಟು ಉಂಡೆ ಕೊಬ್ಬರಿ ಮಾಡುವುದು, ಅದನ್ನು ತಿಪಟೂರಿನ ಮಾರುಕಟ್ಟೆಗೆ ಒಯ್ಯುವುದು ಇಲ್ಲಿನ ರೈತಾಪಿ ಬದುಕಿನ ಕ್ರಮ. ಮಳೆಯಾಶ್ರಿತ ರಾಗಿಯ ಜೊತೆಗೆ ಕೊಬ್ಬರಿಯ ಹಣವೂ ಕೈಸೇರುವ ಊರುಗಳಲ್ಲಿ ಜಾತ್ರೆ, ಪರಿಷೆ, ಹರಿಸೇವೆಗಳಿಗೆ ವಾದ್ಯದವರನ್ನು ಕರೆಸುವುದಕ್ಕೆ ಆಸರೆಯಿತ್ತು.

ಈ ಆಸರೆಯಲ್ಲಿ ಬೆಳೆದ ಕಲಾಪ್ರಕಾರಗಳು ಹಲವು. ಗ್ರಾಮದೇವತೆಯ ಪರಿವಾರವಾಗಿ ಬರುವ ಸೋಮನ ಕುಣಿತ, ರಂಗದ ಕುಣಿತ, ವೀರಗಾಸೆ, ನಂದಿಧ್ವಜ, ಕೋಲಾಟ ಇವೆಲ್ಲವೂ ವಾದ್ಯಮೇಳವನ್ನು ಅವಲಂಬಿಸಿದವು. ಅರೆ, ತಮಟೆ, ಉರುಮೆ, ನಗಾರಿ, ಕಹಳೆಗಳನ್ನು ನುಡಿಸುವವರಿಲ್ಲದೆ ದೇವರು ಗುಡಿಯಿಂದ ಹೊರಡುವುದಿಲ್ಲ. ಚಿಕ್ಕನಾಯಕನಹಳ್ಳಿ ಮತ್ತು ಶಿರಾ ಕಡೆಯ ಗೊಲ್ಲರಹಟ್ಟಿಗಳಲ್ಲಿ ಕಾಡುಗೊಲ್ಲರ ಸಾಂಸ್ಕೃತಿಕ ವೀರ ಜುಂಜಪ್ಪನ ಕಾವ್ಯವನ್ನು ಗಣೆಯ ಹಿನ್ನೆಲೆಯಲ್ಲಿ ಹಾಡುತ್ತಾರೆ. ಗಣೆಯೆಂದರೆ ಬಿದಿರಿನ ಉದ್ದನೆಯ ಕೊಳಲು. ಇವುಗಳೊಡನೆ ಮೂಡಲಪಾಯ ಯಕ್ಷಗಾನವಿದೆ. ಮುಖವೀಣೆ, ಮದ್ದಲೆ, ತಾಳಗಳೊಡನೆ ಭಾಗವತರು ಹಾಡುವ ಈ ಆಟದ ಮೇಳಗಳಿಗೆ ತಿಪಟೂರು ತಾಲ್ಲೂಕಿನ ಅರಳಗುಪ್ಪೆ, ಕೊನೇಹಳ್ಳಿ ಕಡೆ ಹೆಸರಾದುದು. ಇಲ್ಲಿನ ಕಲಾವಿದರಲ್ಲಿ ಬಹುಪಾಲು ಮಂದಿ ಹಗಲಿನಲ್ಲಿ ತೋಟ-ಹೊಲಗಳಲ್ಲಿ ದುಡಿದು ರಾತ್ರಿ ಗೆಜ್ಜೆ ಕಟ್ಟಿದವರು.

ಊರಿನ ಪರೀಕ್ಷೆ

ಕಲಾವಿದನನ್ನು ಮೊದಲು ಗುರುತಿಸುವುದು ಊರು. ಇದಕ್ಕೆ ತನ್ನದೇ ಆದ ಕ್ರಮವಿದೆ. ಹುಡುಗ ಮೊದಲು ಮೇಳದ ಹಿಂದೆ ತಾಳ ಹಿಡಿದು ನಿಲ್ಲುತ್ತಾನೆ. ಇಲ್ಲವೇ ತಮಟೆ ಕಾಯಿಸಲು ಬೆಂಕಿ ಹಾಕುತ್ತಾನೆ. ಮೇಳದ ಹಿರಿಯರು ಅವನ ಕೈಯನ್ನು ವರ್ಷಗಟ್ಟಲೆ ನೋಡುತ್ತಾರೆ. ಒಂದು ಜಾತ್ರೆಯಲ್ಲಿ ಯಾರೋ ಬಾರದೆ ಉಳಿದಾಗ ಅವನ ಸರದಿ ಬರುತ್ತದೆ. ಪಕ್ಕದೂರಿನವರು ‘ಆ ಹುಡುಗನನ್ನೂ ಕರೆದುಕೊಂಡು ಬನ್ನಿ’ ಎಂದು ವೀಳ್ಯ ಕೊಟ್ಟು ಹೋದರೆ ಅವನು ಕಲಾವಿದನಾದ ಹಾಗೆ. ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಹಿಡಿದು ಬಂದು ಕರೆಯುವುದು ಕೇವಲ ಆಹ್ವಾನವಲ್ಲ. ಅದು ಒಪ್ಪಂದವೂ ಹೌದು, ಮಾನ್ಯತೆಯೂ ಹೌದು.

ಈ ಪರೀಕ್ಷೆಯಲ್ಲಿ ಎರಡು ಲಕ್ಷಣಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಇಲ್ಲಿ ಮಾನ್ಯತೆ ದೊರೆಯುವುದು ಮುಖ್ಯವಾಗಿ ಮೇಳಕ್ಕೆ. ‘ಇಂತಹ ಊರಿನ ಮೇಳ’ ಎಂದೇ ಹೆಸರು ಹರಡುತ್ತದೆ. ಎರಡನೆಯದಾಗಿ, ಈ ವ್ಯವಸ್ಥೆ ಜಾತಿಯ ಕಟ್ಟಿನೊಳಗೇ ನಡೆದುದು. ಚರ್ಮವಾದ್ಯ ನುಡಿಸುವುದು ದಲಿತರ ಕೈವಾಡವೆಂಬ ಕಟ್ಟುಪಾಡಿನಲ್ಲಿ ತಮಟೆಯವನ ವಿದ್ಯೆಯನ್ನು ಊರು ಕೊಂಡಾಡಿತು. ಆದರೆ ಅವನನ್ನು ಗುಡಿಯ ಹೊರಗೇ ನಿಲ್ಲಿಸಿತು. ಅವನ ನುಡಿಸಾಣಿಕೆಯನ್ನು ಕಲೆಯೆನ್ನದೆ ಊರ ಚಾಕರಿಯೆಂದು ಲೆಕ್ಕ ಹಾಕಿ, ಸುಗ್ಗಿಯಲ್ಲಿ ಧಾನ್ಯ ಕೊಟ್ಟು ಮುಗಿಸಿತು. ಊರಿನ ಗುರುತಿಸುವಿಕೆಯನ್ನು ಆದರ್ಶವೆಂದು ಬಣ್ಣಿಸುವವರು ಈ ಅಂಶವನ್ನು ಮರೆಯುವಂತಿಲ್ಲ.

ನಾಟಕ ಕಂಪನಿಯ ಕಿವಿ

ಹಳ್ಳಿಯ ಕಂಠವನ್ನು ಹಳ್ಳಿಯಿಂದಾಚೆಗೆ ಕೊಂಡೊಯ್ದ ಮೊದಲ ಸಂಸ್ಥೆಗಳಲ್ಲಿ ವೃತ್ತಿ ನಾಟಕ ಕಂಪನಿ ಪ್ರಮುಖವಾದುದು. ನೆರೆಯ ಗುಬ್ಬಿಯಲ್ಲಿ 1884ರಲ್ಲಿ ಆರಂಭವಾದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯು ಗುಬ್ಬಿ ವೀರಣ್ಣನವರ (1891-1972) ಕಾಲದಲ್ಲಿ ದಕ್ಷಿಣ ಭಾರತದಾದ್ಯಂತ ಹೆಸರಾಯಿತು. ಹಾಡಬಲ್ಲ ಹುಡುಗನಿಗೆ ಅನ್ನ, ವಸತಿ, ಅಭ್ಯಾಸ ಮೂರನ್ನೂ ಒದಗಿಸುತ್ತಿದ್ದ ಕಂಪನಿ ಒಂದು ರೀತಿಯ ಗುರುಕುಲವಾಗಿತ್ತು. ಮನೆ ಬಿಟ್ಟು ಬಂದು ಕಂಪನಿ ಸೇರಿದ ಬಿ.ವಿ. ಕಾರಂತರನ್ನು ವೀರಣ್ಣನವರು ಮುಂದೆ ಕಾಶಿಗೆ ಕಳುಹಿಸಿ ಓದಿಸಿದರು. ಅಲ್ಲಿ ಅವರು ಓಂಕಾರನಾಥ ಠಾಕೂರರಲ್ಲಿ ಸಂಗೀತಾಭ್ಯಾಸ ಮಾಡಿದರು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೂ ಅವರ ಮಗ ಮುತ್ತುರಾಜರೂ, ಅಂದರೆ ಡಾ. ರಾಜಕುಮಾರರೂ, ಈ ಕಂಪನಿಯ ಅನ್ನವುಂಡವರು. ತಿಪಟೂರಿನಲ್ಲಿ 1923ರಲ್ಲಿ ಹುಟ್ಟಿದ ನರಸಿಂಹರಾಜು ಎಳವೆಯಲ್ಲಿಯೇ ನಾಟಕ ಕಂಪನಿಯ ಬದುಕಿಗೆ ಬಂದು, 1954ರ ‘ಬೇಡರ ಕಣ್ಣಪ್ಪ’ ಚಿತ್ರದಿಂದ ನಾಡಿನ ಮನೆಮಾತಾದರು.

ಕಂಪನಿಯ ಕಿವಿಗೆ ಬೇಕಾದುದು ಒಂಟಿ ಕಂಠ. ಮೂರು ಸ್ಥಾಯಿಗಳಲ್ಲಿ ನಿಲ್ಲುವ, ಕೊನೆಯ ಸಾಲಿನವರೆಗೆ ಕೇಳುವ ಧ್ವನಿಯನ್ನು ಅದು ಆರಿಸಿಕೊಂಡಿತು. ಅರೆವಾದ್ಯದ ಮೇಳವನ್ನಾಗಲಿ ಗಣೆಯವನನ್ನಾಗಲಿ ಅದು ಅರಸಿಕೊಂಡು ಹೋಗಲಿಲ್ಲ. ಅವರ ಕಲೆಯಲ್ಲಿ ಕಂಪನಿಗೆ ಬೇಕಾದ ಪಾತ್ರವಿರಲಿಲ್ಲ.

ಸಂಗ್ರಾಹಕರ ಕಾಲ

1931ರಲ್ಲಿ ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಪ್ರಕಟಿಸಿದುದು ಕನ್ನಡ ಜಾನಪದ ಸಂಗ್ರಹದ ಇತಿಹಾಸದಲ್ಲಿ ಒಂದು ಘಟ್ಟ. ಹಳೆಯ ಮೈಸೂರು ಭಾಗದಲ್ಲಿ ಅರ್ಚಕ ಬಿ. ರಂಗಸ್ವಾಮಿ, ಗೊರೂರು ರಾಮಸ್ವಾಮಿ ಅಯ್ಯಂಗಾರ್, ಹೆಸರಿನಲ್ಲಿಯೇ ತಮ್ಮ ಊರನ್ನು ಹೊತ್ತ ಮತಿಘಟ್ಟ ಕೃಷ್ಣಮೂರ್ತಿ ಮೊದಲಾದವರು ಈ ಕಾರ್ಯದಲ್ಲಿ ತೊಡಗಿದರು. ಇವರ ಶ್ರಮವಿಲ್ಲದಿದ್ದರೆ ಸಾವಿರಾರು ಪದಗಳು ಹಾಡಿದವರೊಡನೆಯೇ ಮಣ್ಣಾಗುತ್ತಿದ್ದವು. ಆದರೆ ಆ ಕಾಲದ ಆಸಕ್ತಿ ಸಾಹಿತ್ಯದ್ದು. ತ್ರಿಪದಿಯ ಸೊಗಸು, ಗರತಿಯ ಮನಸ್ಸು ಮುಖ್ಯವಾದವು. ಮಟ್ಟು, ಲಯ, ವಾದ್ಯಗಳ ವಿವರಗಳು ಹಿಂದೆ ಸರಿದವು. ಹಾಡನ್ನು ಕಾಗದಕ್ಕೆ ಇಳಿಸುವಾಗ ಸಂಗೀತವೇ ಹೊರಗುಳಿಯಿತು.

ವಿಶ್ವವಿದ್ಯಾನಿಲಯದ ಅಧ್ಯಯನ ಆರಂಭವಾದ ಮೇಲೆ ದೃಷ್ಟಿ ಬದಲಾಯಿತು. 1966ರಲ್ಲಿ ಮೈಸೂರಿನಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಸ್ಥಾಪನೆಗೊಂಡು, ಅದರಡಿಯಲ್ಲಿ ಜಾನಪದ ವಸ್ತುಸಂಗ್ರಹಾಲಯವೂ ರೂಪುಗೊಂಡಿತು. ಜೀ.ಶಂ. ಪರಮಶಿವಯ್ಯನವರು ಬಯಲುಸೀಮೆಯ ಆಟಗಳನ್ನು ಹಿಂಬಾಲಿಸಿ ಮೂಡಲಪಾಯದ ಸ್ವತಂತ್ರ ಅಸ್ತಿತ್ವವನ್ನು ವಿದ್ವತ್ ಲೋಕದ ಗಮನಕ್ಕೆ ತಂದರು. ಕರಾವಳಿಯ ಪಡುವಲಪಾಯವೊಂದೇ ಯಕ್ಷಗಾನವೆಂದು ತಿಳಿದಿದ್ದವರಿಗೆ ತಿಪಟೂರು, ನಾಗಮಂಗಲ ಕಡೆಯ ಭಾಗವತರು ಹೊಸದಾಗಿ ಕಂಡರು. ಆ ಭಾಗವತರಾದರೋ ತಲೆಮಾರುಗಳಿಂದ ಅಲ್ಲಿಯೇ ಇದ್ದರು. ‘ಶೋಧ’ ಎಂಬ ಮಾತನ್ನು ನಾವು ಬಳಸುವಾಗ ಕಂಡುಕೊಂಡವರು ಯಾರೆಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು.

ಒಬ್ಬ ಹಾಡುಗಾರ್ತಿಯನ್ನು ಹೆಸರು ಹಿಡಿದು ಗುರುತಿಸಿದರೆ ಏನಾಗುತ್ತದೆಂಬುದಕ್ಕೆ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಉತ್ತಮ ನಿದರ್ಶನ. ಕೃಷ್ಣಮೂರ್ತಿ ಹನೂರು ಅವರು ಆಕೆಯ ಹಾಡುಗಳನ್ನು ಸಂಗ್ರಹಿಸುವಾಗ ಆಕೆಯ ಬದುಕನ್ನೂ ನೆನಪನ್ನೂ ದಾಖಲಿಸಿದರು. ಹಾಡಿನ ಜೊತೆಗೆ ಹಾಡಿದವಳೂ ಉಳಿದಳು. ನಮ್ಮ ತೆಂಗಿನ ಸೀಮೆಯ ಸೋಬಾನೆಯ ಹೆಂಗಸರಿಗೆ ಇಂತಹ ದಾಖಲೆ ದೊರೆತುದು ವಿರಳ. ಅವರು ಮೇಳ ಕಟ್ಟಿ ಊರೂರು ತಿರುಗಿದವರಲ್ಲ. ಮದುವೆಯ ಚಪ್ಪರ, ಒಸಗೆಯ ಮನೆ, ಬೀಸುವ ಕಲ್ಲು ಅವರ ರಂಗ. ವೀಳ್ಯವೂ ಅವರಿಗೆ ಬರಲಿಲ್ಲ, ಸಂಗ್ರಾಹಕನ ಪುಸ್ತಕದಲ್ಲಿ ಹೆಸರೂ ಬರಲಿಲ್ಲ.

ಬಾನುಲಿ ಮತ್ತು ಧ್ವನಿಮುದ್ರಣ

78 ಸುತ್ತಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಇರುಳೆಲ್ಲ ಸಾಗುವ ಜುಂಜಪ್ಪನ ಕಾವ್ಯಕ್ಕೆ ಅಲ್ಲಿ ಸ್ಥಳವೇ ಇರಲಿಲ್ಲ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದರು. 1955ರಲ್ಲಿ ಬೆಂಗಳೂರು ಕೇಂದ್ರ ಬಂದಿತು. ಬಾನುಲಿಯು ಧ್ವನಿಪರೀಕ್ಷೆಯ ಮೂಲಕ ಕಲಾವಿದರಿಗೆ ಶ್ರೇಣಿ ಕೊಡುವ ಪದ್ಧತಿಯನ್ನು ತಂದಿತು. ಜಾತ್ರೆಯ ಬಯಲಿನಲ್ಲಿ ಹಿರಿಯರ ಕಿವಿ ಮಾಡುತ್ತಿದ್ದ ಕೆಲಸವನ್ನು ಮುಚ್ಚಿದ ಕೋಣೆಯಲ್ಲಿ ಸಮಿತಿ ಮಾಡತೊಡಗಿತು. ಇದರಿಂದ ಅನೇಕ ಹಳ್ಳಿಯ ಹಾಡುಗಾರರಿಗೆ ಸಂಭಾವನೆಯೂ ಗೌರವವೂ ದೊರೆತವು. ಅದೇ ವೇಳೆಗೆ, ನಿಗದಿತ ಅವಧಿಗೆ ಹಾಡನ್ನು ಕತ್ತರಿಸುವುದು, ಅಬ್ಬರದ ವಾದ್ಯಗಳನ್ನು ಕೈಬಿಟ್ಟು ಹಾರ್ಮೋನಿಯಂ, ತಬಲಾ ಸೇರಿಸುವುದು ರೂಢಿಯಾಯಿತು.

ಕ್ಯಾಸೆಟ್ಟುಗಳ ಕಾಲದಲ್ಲಿ ಹಳ್ಳಿಯ ಹಾಡು ಪೇಟೆಯ ಅಂಗಡಿಗೆ ಬಂದಿತು. ಹೊದಿಕೆಯ ಮೇಲೆ ಗಾಯಕರ ಹೆಸರು, ಸಂಗೀತ ಸಂಯೋಜಕರ ಹೆಸರು ಅಚ್ಚಾದವು. ‘ಸಾಹಿತ್ಯ: ಜನಪದ’ ಎಂಬ ಎರಡೇ ಮಾತಿನಲ್ಲಿ ಮೂಲದ ಮಟ್ಟನ್ನು ಕೊಟ್ಟವರು ಕರಗಿಹೋದರು. ಗೌರವಧನ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆ ಇಲ್ಲಿ ಹುಟ್ಟುತ್ತದೆ. ಅಂಕಿತವಿಲ್ಲದ ಹಾಡಿನ ಮೇಲೆ ಹೊಸದಾಗಿ ಅಂಕಿತ ಹಾಕಿದವರು ಅದರ ಫಲವನ್ನೂ ಪಡೆದರು.

ಸಂಸ್ಥೆಗಳ ಪಾತ್ರ

1979ರಲ್ಲಿ ಎಚ್.ಎಲ್. ನಾಗೇಗೌಡರು ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದರು. ರಾಮನಗರದ ಬಳಿ 1994ರಲ್ಲಿ ಉದ್ಘಾಟನೆಗೊಂಡ ಜಾನಪದ ಲೋಕದಲ್ಲಿ ಕಲಾವಿದರ ಧ್ವನಿ ಹಾಗೂ ದೃಶ್ಯ ಮುದ್ರಿಕೆಗಳಿಗೆ ನೆಲೆಯಾಯಿತು. 1980ರಲ್ಲಿ ಸರ್ಕಾರವು ಜಾನಪದ ಮತ್ತು ಯಕ್ಷಗಾನಕ್ಕೆ ಅಕಾಡೆಮಿಯನ್ನು ರಚಿಸಿತು. ಮುಂದೆ ಯಕ್ಷಗಾನಕ್ಕೆ ಪ್ರತ್ಯೇಕ ಅಕಾಡೆಮಿ ಬಂದಿತು. ವಾರ್ಷಿಕ ಪ್ರಶಸ್ತಿ, ಕಮ್ಮಟ, ತರಬೇತಿ, ವೃದ್ಧ ಕಲಾವಿದರ ಮಾಸಾಶನ ಇವುಗಳಿಂದ ಹಳ್ಳಿಯ ಕಲಾವಿದನಿಗೆ ಮೊದಲ ಬಾರಿಗೆ ಪತ್ರರೂಪದ ಗುರುತು ದೊರೆಯಿತು. ಜೋಗತಿ ಮಂಜಮ್ಮ ಅವರು 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದುದು, ಗುರುತಿಸಲ್ಪಡುತ್ತಿದ್ದವರೇ ಗುರುತಿಸುವ ಪೀಠದಲ್ಲಿ ಕುಳಿತ ಮಹತ್ವದ ಸಂದರ್ಭ.

ಆದಾಗ್ಯೂ ಪ್ರಶಸ್ತಿಯ ವ್ಯವಸ್ಥೆ ವ್ಯಕ್ತಿಕೇಂದ್ರಿತವಾದುದು. ಅರೆವಾದ್ಯದ ಮೇಳದಲ್ಲಿ ಮುಂದೆ ನಿಲ್ಲುವವನೊಬ್ಬನಿದ್ದರೆ ಲಯವನ್ನು ಹಿಡಿದು ನಿಲ್ಲಿಸುವವರು ಹಿಂದಿರುತ್ತಾರೆ. ಪ್ರಶಸ್ತಿ ಒಬ್ಬನ ಕೈ ಸೇರಿದಾಗ ಮೇಳದೊಳಗೆ ಬಿರುಕು ಮೂಡುವ ಸಂಭವವಿದೆ. ಮಾಸಾಶನಕ್ಕೆ ಬೇಕಾದ ವಯಸ್ಸಿನ ದಾಖಲೆ, ಕಲಾಸೇವೆಯ ಪ್ರಮಾಣಪತ್ರ, ಪತ್ರಿಕಾ ತುಣುಕುಗಳನ್ನು ಜೋಡಿಸುವುದು ಅಕ್ಷರ ಬಲ್ಲವನಿಗೆ ಸುಲಭ. ಐವತ್ತು ವರ್ಷ ತಮಟೆ ಬಡಿದವನ ಬಳಿ ಇರುವ ದಾಖಲೆಯೆಂದರೆ ಅವನ ಕೈಯ ಜಡ್ಡು ಮಾತ್ರ.

ಉಪಸಂಹಾರ

ಇಂದು ಗೊಲ್ಲರಹಟ್ಟಿಯ ಹುಡುಗನೂ ತನ್ನ ಗಣೆಯ ನಾದವನ್ನು ಮೊಬೈಲ್ ಫೋನಿನಲ್ಲಿ ಮುದ್ರಿಸಿ ಜಗತ್ತಿಗೆ ಕೇಳಿಸಬಲ್ಲ. ಮಧ್ಯವರ್ತಿಯಿಲ್ಲದ ಈ ದಾರಿ ಸ್ವಾಗತಾರ್ಹ. ಆದರೆ ಅವನ ಬೆನ್ನಿಗೆ ವೀಳ್ಯ ಕೊಡುವ ಊರು ಇಲ್ಲದಿದ್ದರೆ ಕಲೆಯ ಕಲಿಕೆ ನಿಲ್ಲುತ್ತದೆ. ಜಾತ್ರೆಗಳಲ್ಲಿ ಧ್ವನಿವರ್ಧಕ, ಆರ್ಕೆಸ್ಟ್ರಾಗಳು ಮೇಳದ ಸ್ಥಾನವನ್ನು ಆಕ್ರಮಿಸಿದಂತೆ ತಾಳ ಹಿಡಿದು ಹಿಂದೆ ನಿಲ್ಲುವ ಹುಡುಗನ ಸ್ಥಾನವೂ ಇಲ್ಲವಾಗುತ್ತದೆ.

ಮೇಲಿನ ವಿವೇಚನೆಯಿಂದ ತಿಳಿದುಬರುವುದಿಷ್ಟು: ಊರು ಮೇಳವನ್ನು, ಕಂಪನಿ ಕಂಠವನ್ನು, ಸಂಗ್ರಾಹಕ ಪದವನ್ನು, ಬಾನುಲಿ ಶ್ರೇಣಿಯನ್ನು, ಸಂಸ್ಥೆ ವ್ಯಕ್ತಿಯನ್ನು ಗುರುತಿಸಿದವು. ಒಂದು ಮೇಳವನ್ನು ಇಡಿಯಾಗಿ, ಅದರ ಪ್ರತಿ ವಾದ್ಯಗಾರನ ಹೆಸರು, ಕಲಿತ ಬಗೆ, ನುಡಿಸುವ ಸಂದರ್ಭಗಳ ಸಹಿತ ದಾಖಲಿಸುವ ಕೆಲಸ ಉಳಿದಿದೆ. ಕ್ಷೇತ್ರಕಾರ್ಯಕ್ಕೆ ಹೋಗುವ ಸಂಶೋಧಕರು ವಕ್ತೃಗಳ ಪಟ್ಟಿಯಲ್ಲಿ ಯಜಮಾನನ ಹೆಸರೊಂದನ್ನೇ ಬರೆಯದೆ ಎಲ್ಲರ ಹೆಸರನ್ನೂ ಬರೆಯಬೇಕು. ಮುದ್ರಣಕ್ಕೆ ಅವರ ಒಪ್ಪಿಗೆ ಪಡೆದು, ಪ್ರತಿಯೊಂದನ್ನು ಆ ಊರಿಗೇ ಹಿಂದಿರುಗಿಸಬೇಕು. ಸೋಬಾನೆಯ ಹೆಂಗಸರನ್ನೂ ಚರ್ಮವಾದ್ಯದವರನ್ನೂ ಈ ಪಟ್ಟಿಯ ಮೊದಲಿಗೆ ತರಬೇಕು. ನೊಣವಿನಕೆರೆಯಂತಹ ಒಂದು ಹೋಬಳಿಯ ಮಟ್ಟಿಗಾದರೂ ಇಂತಹ ದಾಖಲೆ ಸಿದ್ಧವಾದರೆ, ಪ್ರಶಸ್ತಿಗೂ ಮಾಸಾಶನಕ್ಕೂ ಅರ್ಜಿ ಹಿಡಿದು ಅಲೆಯುವ ಕಲಾವಿದನಿಗೆ ಅದೇ ಪ್ರಮಾಣಪತ್ರವಾಗಬಲ್ಲದು.